ಪಿಎಚ್.ಡಿ.ಗಾಗಿ ಹೆಣವಾಗಿ ಕುಳಿತದ್ದು

ಸಂಶೋಧನೆ ಎಂದರೆ ಏನು ಮಹಾ ಎಂದುಕೊಂಡಿದ್ದೆ. ಯೂಟ್ಯೂಬ್ ನೋಡಿಯೇ ರೆಕಾರ್ಡಿಂಗ್ ಕಲಿತವನು ನಾನು. ಜನಪದ ಸಾಹಿತ್ಯದಲ್ಲಿ ಒಂದು ಪಿಎಚ್.ಡಿ. ನನಗೆ ಯಾವ ಲೆಕ್ಕ? ವಿಷಯವನ್ನೂ ನಾನೇ ಆರಿಸಿದ್ದೆ: ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುವ ಹಾಡುಗಳು. ಯಾರೂ ಮುಟ್ಟದ ವಿಷಯ! ಯಾಕೆ ಮುಟ್ಟಿಲ್ಲ ಎಂದು ಮಾತ್ರ ಯೋಚಿಸಲಿಲ್ಲ.

ಸಾವಿನ ಮನೆಗೆ ಮೊಬೈಲ್ ಹಿಡಿದು ಹೋಗುವ ಧೈರ್ಯ ನನಗಿಲ್ಲ. ಹೀಗಾಗಿ ವರ್ಷಗಳು ಕಳೆದರೂ ನನ್ನ ಬಳಿ ಒಂದು ಹಾಡೂ ಇರಲಿಲ್ಲ. ಕೊನೆಗೆ ಮಾರ್ಗದರ್ಶಕರು ಫೋನ್ ಮಾಡಿ, ನಾಳೆ ಸಮಿತಿಯ ಮುಂದೆ ಒಂದಾದರೂ ಹಾಡು ಕೇಳಿಸದಿದ್ದರೆ ನೋಂದಣಿ ರದ್ದು ಎಂದರು.

ಕೊಟ್ಟೂರಿನಿಂದ ಬೈಕ್ ಹತ್ತಿ ಕಾನಹೊಸಹಳ್ಳಿ ಹತ್ತಿರದ ದೊಡ್ಡಜ್ಜಿಯ ಊರಿಗೆ ಓಡಿದೆ. ದೊಡ್ಡಜ್ಜಿ ಎಂದರೆ ನಮ್ಮಜ್ಜಿಯ ಅಕ್ಕ. ಆಕೆ ಅತ್ತರೆ ಸತ್ತವನೂ ಎದ್ದು ಕಣ್ಣೊರೆಸಿಕೊಳ್ಳಬೇಕು, ಅಂಥ ಹೆಸರು. ಆದರೆ ಹಾಡಲು ಒಪ್ಪಲಿಲ್ಲ.

"ಹೆಣ ಇಲ್ದ ಹಾಡಿದ್ರ ಮನಿಗೆ ಕೇಡು. ಹೆಣ ಎಲ್ಲೈತಿ?"

"ನಾನ ಅದೀನಲ್ಲಜ್ಜಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮನೆಯೊಳಗೆ ಬೇಡ, ಹಿತ್ತಲಿಗೆ ನಡಿ ಎಂದಳು. ನಾನು ಉತ್ಸಾಹದಿಂದ ಕಂಬಳಿ ಹಾಸಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಜೇಬಿಗಿಟ್ಟು, ಅಂಗಾತ ಮಲಗಿಬಿಟ್ಟೆ.

"ಏಳಲೇ. ನಮ್ಮ ಮಂದ್ಯಾಗ ಹೆಣ ಮಲಗಸ್ತಾರೇನು? ಕುಂದರು."

ಸ್ನಾತಕೋತ್ತರ ಪದವೀಧರನಿಗೆ ಸಾಯಲೂ ಸರಿಯಾಗಿ ಬರಲಿಲ್ಲ!

ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸಿದಳು. ಹಣೆ ತುಂಬ ವಿಭೂತಿ, ದೇವರ ಫೋಟೋದ ನಿನ್ನೆಯ ಹಾರ, ತಲೆ ವಾಲದಂತೆ ಗೋಡೆಯ ಗೂಟಕ್ಕೆ ಕಟ್ಟಿದ ಒಂದು ಬಟ್ಟೆ. ಆಮೇಲೆ ಎದುರು ಕುಳಿತು ಸೆರಗು ಬಾಯಿಗಿಟ್ಟು ದನಿ ಎತ್ತಿದಳು. ಎದ್ದು ಬಾರೋ ಅಪ್ಪ, ಒಂದು ತುತ್ತು ಉಂಡು ಹೋಗೋ ಅಪ್ಪ ಎಂದಳು ನೋಡಿ, ನನಗೇ ನನ್ನ ಮೇಲೆ ದುಃಖ ಉಕ್ಕಿತು. ನೋಂದಣಿ ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಹಾಡು ನಿಂತಿತು. ಕರೆದದ್ದಾದ ಮೇಲೆ ಸತ್ತವನ ಸಾಧನೆ ಹಾಡಬೇಕಂತೆ. ಆಕೆ ನನ್ನ ಕಿವಿಗೆ ಬಗ್ಗಿದಳು.

"ಹೊಲ ಮಾಡೀಯೇನು?"

"ಇಲ್ಲಜ್ಜಿ."

"ಮನಿ ಕಟ್ಟಿಸೀಯಾ?"

"ಬಾಡಿಗಿ ಮನಿ."

"ಮತ್ತ ಇಷ್ಟು ವರ್ಷ ಏನ್ ಮಾಡಿದಿ?"

"ಓದಾಕತ್ತೀನಿ."

"ಮುಗೀತಾ?"

"ಇಲ್ಲ."

"ಹಂಗಾದ್ರ ಏನಂತ ಅಳ್ಲಿ, ತಮ್ಮಾ?"

ನಾನು ತುಟಿ ಅಲ್ಲಾಡಿಸದೆ, ಏನಾದರೂ ಸೇರಿಸಜ್ಜಿ ಎಂದು ಬೇಡಿಕೊಂಡೆ. ಸುಳ್ಳು ಹಾಡಿದರೆ ಸತ್ತವರಿಗೆ ಒಳ್ಳೆಯದಾಗುವುದಿಲ್ಲ ಎಂದಳು. ಇತ್ತ ಅಳು ಕೇಳಿ ಹಿತ್ತಲಿಗೆ ಮಂದಿ ಸೇರತೊಡಗಿತ್ತು. ಅವರಲ್ಲಿ ಯಾರೋ ಪುಣ್ಯಾತ್ಮರು ನನ್ನ ಫೋಟೋ ತೆಗೆದು, ಕೆಳಗೆ ಕೈಮುಗಿದ ಚಿತ್ರ ಹಾಕಿ, ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಅದು ನನಗಿಂತ ಬೇಗ ಕೊಟ್ಟೂರು ಮುಟ್ಟಿತು.

ಜೇಬು ಬಡಿದುಕೊಳ್ಳತೊಡಗಿತು. ಅರೆಗಣ್ಣು ತೆರೆದು ಇಣುಕಿದರೆ, ಹೆಂಡತಿ ಸುಧಾ! ಹೆಣ ಫೋನ್ ಎತ್ತಬಾರದು. ಎತ್ತದಿದ್ದರೆ ಆಕೆ ನನ್ನನ್ನು ನಿಜವಾಗಿ ಕಳೆದುಕೊಂಡೆ ಎಂದುಕೊಳ್ಳುತ್ತಾಳೆ. ಮತ್ತೆ ಬಡಿಯಿತು. ಬೆವರಿಗೆ ವಿಭೂತಿ ಇಳಿಯತೊಡಗಿತು. ತಡೆಯಲಾಗದೆ ಎತ್ತಿ "ಹಲೋ" ಎಂದೆ.

ನೋಡಲು ಬಂದವರಲ್ಲಿ ಅರ್ಧ ಮಂದಿ ಬೇಲಿ ಹಾರಿದರು.

ಆ ಕಡೆಯಿಂದ ಬರೀ ಬಿಕ್ಕು. "ರೀ... ನೀವು ಹೋಗೇಬಿಟ್ರಂತಲ್ಲ?"

"ಇಲ್ಲ ಸುಧಾ, ಪಿಎಚ್.ಡಿ. ಮಾಡಾಕತ್ತೀನಿ."

ಬಿಕ್ಕು ನಿಂತಿತು. "ಎರಡೂ ಒಂದ ಬಿಡ್ರಿ," ಎಂದು ಇಟ್ಟುಬಿಟ್ಟಳು.

ಮರುದಿನ ಬೇರೆ ದಾರಿಯಿಲ್ಲದೆ ಇದ್ದಷ್ಟನ್ನೇ ಸಮಿತಿಗೆ ಕೇಳಿಸಿದೆ: ಎದ್ದು ಬಾರೋ ಎಂಬ ಆ ಮೊದಲ ಕರೆ, ಆಮೇಲಿನ ಪಿಸುಮಾತು, ಎಲ್ಲವೂ. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ. ಕೊನೆಗೆ ಷರಾ ಬರೆದರು: ನೋಂದಣಿ ಮುಂದುವರಿಸಬಹುದು. ಗಾಯಕಿಯ ಪ್ರತಿಭೆ ಅಸಾಧಾರಣ. ಹಾಡು ಅಪೂರ್ಣವಾಗಲು ಸಾಮಗ್ರಿಯ ಕೊರತೆಯೇ ಕಾರಣ.

ಆ ಸಾಮಗ್ರಿ ನಾನೇ.