ನಾಲ್ಕು ಮೈಕು, ಒಂದು ಭಜನೆ

ನಿಯಮ ಮುರಿಯಲೆಂದೇ ಯಾರೂ ನಮ್ಮ ಮನೆಗೆ ಬರುವುದಿಲ್ಲ. ಆದರೂ ರೆಕಾರ್ಡಿಂಗಿಗೆ ಬಂದವರು ಒಂದಾದರೂ ನಿಯಮ ಮುರಿಯದೆ ಹೋದ ದಿನ ನನಗೆ ನೆನಪಿಲ್ಲ. ಗೋಕಾಕದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಒಂದು ಕಂಪ್ಯೂಟರ್, ನಾಲ್ಕು ಮೈಕು, ಆ ನಾಲ್ಕರ ದನಿಯನ್ನೂ ಬೇರೆ ಬೇರೆಯಾಗಿಯೇ ಕಂಪ್ಯೂಟರಿಗೆ ಮುಟ್ಟಿಸುವ ಇಂಟರ್‌ಫೇಸ್ ಎಂಬ ಡಬ್ಬಿ ಇವೆ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವನು ನಾನು. ಡಬ್ಬಿಗೆ ಕರೆಂಟು ಕೊಡುವ ಮೊದಲೇ ಅದರ ಪುಸ್ತಕವನ್ನು ಎರಡು ಸಲ ಓದಿದ್ದೆ.

ಆ ಖೋಲಿಗೆ ಮೂಡಲಗಿ ಕಡೆಯ ಮಸಗುಪ್ಪಿಯಿಂದ ನಾಲ್ವರ ಭಜನಾ ಮೇಳ ಬಂತು. ಹುಕ್ಕೇರಿಯ ಭಜನಾ ಸ್ಪರ್ಧೆಗೆ ಅಂದೇ ಸಂಜೆ ಐದರೊಳಗೆ ಹಾಡು ಕಳಿಸಬೇಕು. ಹಿಂದಿನ ವರ್ಷ ಫೋನಿನಲ್ಲಿ ಹಿಡಿದು ಕಳಿಸಿದ್ದರಂತೆ. ‘ಪೇಟಿಯ ಸದ್ದಿನಲ್ಲಿ ಹಾಡುವವರ ದನಿ ಕೇಳಿಸುವುದೇ ಇಲ್ಲ’ ಎಂದು ಸ್ಪರ್ಧೆಯವರು ಕೈಬಿಟ್ಟಿದ್ದರು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು ಕಾಕಾ. ಹಾಡುವವನು ಅವರ ತಮ್ಮನ ಮಗ. ಅವನು ಬಾಗಿಲಲ್ಲೇ ನನ್ನ ಕಿವಿಯಲ್ಲಿ ಅಂದ:

“ಸರ, ಈ ಸಲರೆ ನನ್ನ ದನಿ ಕೇಳಬೇಕ್ರಿ. ಸಣ್ಣಗ ಬಾರಸ್ರಿ ಅಂತ ಕಾಕಾಗ ಹೇಳಾಕ ನಮಗ್ಯಾರಿಗೂ ಧೈರ್ಯ ಇಲ್ಲ.”

“ಹೇಳೂದು ಬ್ಯಾಡ,” ಎಂದೆ. “ನಾಕ ಮಂದಿಗೆ ನಾಕ ಮೈಕ. ಆಮ್ಯಾಲೆ ಪೇಟೀದಷ್ಟ ನಾ ಇಳಸ್ತೇನಿ.”

೧. ತಾಳದವನ ಭಾಷಣ

ಪ್ರತಿ ಮೈಕಿಗೂ ಚೀಟಿ ಅಂಟಿಸಿದೆ: ಹಾಡು, ಪೇಟಿ, ತಬಲಾ, ತಾಳ. ಕಾಕಾ ನೋಡಿ ನಕ್ಕರು. “ತಾಳದವಗ ಮೈಕ ಯಾಕ್ರಿ ಸರ? ಅವ ಮಸಗುಪ್ಪ್ಯಾಗ ಬಾರಿಸಿದ್ರ ಮೂಡಲಗಿ ಸಂತ್ಯಾಗಿನ ಮಂದಿ ತಿರಗಿ ನೋಡ್ತಾರ!”

ನಾನು ಒಪ್ಪಲಿಲ್ಲ. “ದನಿ ಅಳೀಬೇಕು, ಏನರ ಮಾತಾಡ್ರಿ,” ಎಂದು ತಾಳದವನಿಗೆ ಹೇಳಿದೆ. ಅವನು ಎದ್ದುನಿಂತು, ಅಂಗಿ ಜಗ್ಗಿಕೊಂಡು, ಕೈ ಮುಗಿದ. “ವೇದಿಕಿ ಮ್ಯಾಲ ಕುಂತಂಥ ಹಿರಿಯರ, ಮುಂದ ಕುಂತಂಥ ತಾಯಂದಿರ...”

“ಮುಂದ ಗ್ವಾಡಿ ಐತ್ರಿ,” ಎಂದೆ.

ಗೋಡೆಯಾಚೆಯ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: “ನನಗ ಕೇಳಾಕತ್ತೈತಿ, ಮುಂದ ಹೇಳ್ರಿ!”

೨. ಮೂರು ಕಾಲಿನ ಪ್ರಶ್ನೆ

ಕೆಲವು ಮೈಕುಗಳಿಗೆ ಡಬ್ಬಿಯಿಂದಲೇ ಕರೆಂಟು ಹೋಗಬೇಕು. ಗುಂಡಿ ಒತ್ತುತ್ತ, “ನಲವತ್ತೆಂಟು ವೋಲ್ಟ್ ಬಿಟ್ಟೆ,” ಎಂದದ್ದೇ ತಪ್ಪಾಯಿತು. ತಬಲಾದವನು ಎದ್ದು ಹೊರಗೆ ಹೋಗಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಂದ. ಹೊಲದ ಮೋಟರ್ ಒಮ್ಮೆ ಅವನನ್ನು ಹಿಡಿದು ಒಗೆದಿತ್ತಂತೆ.

“ಚಪ್ಪಲಿ ಮೆಟ್ಟಿ ಭಜನಿ ಮಾಡ್ತೀಯೇನೋ?” ಎಂದು ಕಾಕಾ ಗುಡುಗಿದರು.

“ಬಿಟ್ರ ಕರೆಂಟ್ ಹೊಡಿತೈತಿ, ಮೆಟ್ಟಿದ್ರ ದೇವರು ಹೊಡಿತಾನ. ನೀವ ಹೇಳ್ರಿ ಕಾಕಾ, ಯಾರ ಕೈಯಾಗ ಸಾಯ್ಲಿ?”

ಆ ಕರೆಂಟು ಮನುಷ್ಯನನ್ನು ಮುಟ್ಟುವುದಿಲ್ಲವೆಂದು ಪುಸ್ತಕ ತೆರೆದು ಓದಿ ಹೇಳಿದೆ. ಅವನು ಪುಸ್ತಕ ನಂಬಲಿಲ್ಲ. ಕೊನೆಗೆ ತಾನೇ ದಾರಿ ಕಂಡುಕೊಂಡ: ಚಪ್ಪಲಿ ಬಿಚ್ಚಿ ಮೈಕಿನ ಸ್ಟ್ಯಾಂಡಿನ ಕಾಲಡಿ ಇಟ್ಟ. ಇಟ್ಟವನು ತಲೆ ಕೆರೆದುಕೊಂಡು ಸುತ್ತ ನೋಡಿದ.

“ಸರ, ಇದಕ್ಕ ಮೂರ ಕಾಲ. ನಿಮ್ದೊಂದ ಚಪ್ಪಲಿ ಕೊಡ್ರಿ.”

ಕೊಟ್ಟೆ.

೩. ಕಾಕಾನ ಜೋಡಣೆ

ಮೊದಲ ಸಲ ಹಾಡು ಚೆನ್ನಾಗಿಯೇ ಬಂತು. ಪೇಟಿಯ ಮೈಕನ್ನು ಪೂರ್ತಿ ಇಳಿಸಿ ಕೇಳಿಸಿದೆ. ಪೇಟಿ ಹಾಗೆಯೇ ಕೇಳುತ್ತಿತ್ತು! ಉಳಿದ ಮೂರು ಮೈಕಿನಲ್ಲೂ ಅದೇ ತುಂಬಿಕೊಂಡಿತ್ತು. ಆಗಲೇ ನಾಲ್ಕೂವರೆ. ಕಾಕಾನನ್ನು ಪಡಸಾಲೆಯಲ್ಲಿ ಕೂಡಿಸದೆ ಗತಿಯಿರಲಿಲ್ಲ; ಹಾಗೆಂದೇ ಹೇಳಿದೆ.

“ಯಾಕ್ರಿ, ನನ್ನ ಪೇಟಿ ಜೋರಾತೇನ್ರಿ?” ಎಂದು ಕಾಕಾ ಕೇಳಿದರು.

ಮೂವರೂ ನೆಲ ನೋಡಿದರು. “ಹೌದ್ರಿ,” ಎಂದೆ ನಾನು.

ನಾನು ಪಡಸಾಲೆಯ ಕುರ್ಚಿ ಸರಿಸಿ ಜಾಗ ಮಾಡಿ ಬರುವಷ್ಟರಲ್ಲಿ ಕಾಕಾ ನಾಲ್ಕೂ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ, ತಮ್ಮ ಟಾವೆಲಿನಿಂದ ಒಂದೇ ಸ್ಟ್ಯಾಂಡಿಗೆ ಹುಲ್ಲಿನ ಸೂಡಿನಂತೆ ಕಟ್ಟಿ, ಹಾಡುವವನ ಬಾಯಿ ಮುಂದೆ ನಿಲ್ಲಿಸಿದ್ದರು, ಮಂತ್ರಿಯ ಮುಂದೆ ಟಿವಿಯವರು ಹಿಡಿದಂತೆ. ನನ್ನ ಚೀಟಿಗಳೆಲ್ಲ ಅವನ ಮೂಗಿನ ಹತ್ತಿರ.

“ಏನ್ರಿ ಇದು!” ಎಂದೆ.

“ಹುಡುಗನ ದನಿ ಕೇಳಲಿಲ್ಲ ಅಂತ ಹ್ವಾದ ವರ್ಷ ಸ್ಪರ್ಧೆದವ್ರು ಅಂದಿದ್ರಲ್ರಿ? ನಮ್ಮ ಮೂರೂ ಮೈಕ ಅವಗ ಕೊಟ್ವಿ. ನಮಗೇನ ಹೆಸರ ಬ್ಯಾಡ. ಹೂಂ, ಹಾಡೋ.”

ವಾದಕ್ಕೆ ಹೊತ್ತಿರಲಿಲ್ಲ. ಕಾಕಾ ಪೇಟಿಯೊಂದಿಗೆ ಖೋಲಿಯಲ್ಲೇ ಉಳಿದರು. ಪುಸ್ತಕದ ಯಾವ ಪುಟದಲ್ಲೂ ಇಲ್ಲದ ಆ ರೆಕಾರ್ಡಿಂಗನ್ನು ಐದಕ್ಕೆ ಎರಡು ನಿಮಿಷವಿರುವಾಗ ಕಳಿಸಿದೆವು.

ಎಂಟು ದಿನಕ್ಕೆ ಹಾಡಿದವನ ಫೋನು ಬಂತು. “ಸರ, ಆರಿಸ್ಯಾರ್ರಿ! ಹಾಡಾವ್ರ ದನಿ ಭಾಳ ಚಲೋ ಐತಿ ಅಂದ್ರು.”

“ಮತ್ತೇನಂದ್ರು?”

ಅವನ ದನಿ ಇಳಿಯಿತು. “ಪೇಟಿ ಒಂದ ಜರಾ ಜೋರಾತು ಅಂದ್ರು.”

“ಕಾಕಾಗ ಹೇಳಿದ್ಯೋ?”

“ಹೇಳಿದ್ನಿರಿ. ಅವರೂ ವಿಚಾರ ಮಾಡಿ ಹೇಳ್ಯಾರ. ಸರ್‌ಗೆ ಇನ್ನೊಂದ ಮೈಕ ತಗೋಳಾಕ ಹೇಳು ಅಂದ್ರು.”