ಸೀಟಿ ಹೊಡೆಯುವ ಆಫೀಸರಮ್ಮ

ನಮ್ಮ ಮೊಮ್ಮಗಳು ಆಫೀಸರಾದಳು! ಸಂಡೂರಿನ ಮೈನ್ಸಿನಲ್ಲಿ ಶಿಫ್ಟ್ ಇನ್‌ಚಾರ್ಜ್! ಹಗಲು ಪಾಳಿಯ ಗಂಡಸರೆಲ್ಲ ಇನ್ನು ಮೇಲೆ ಅವಳು ಹೇಳಿದಂತೆ ಕೇಳಬೇಕಂತೆ. ಸುದ್ದಿ ಬಂದ ದಿನ ನಮ್ಮ ಚಿತ್ತವಾಡ್ಗಿಯ ಓಣಿಯಲ್ಲಿ ಸಿಕ್ಕಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಆಟೋದವನ ಬಾಯಿಗೂ ಹಾಕಿದೆ. ಪಾಪ, ಅವನಿಗೆ ಸಕ್ಕರೆ ಕಾಯಿಲೆ ಎಂದು ಆಮೇಲೆ ಗೊತ್ತಾಯಿತು! ಇಷ್ಟೆಲ್ಲ ಕುಣಿದ ನನಗೆ ಒಂದು ವಿಷಯ ಮಾತ್ರ ಇನ್ನೂ ತಿಳಿದಿಲ್ಲ: ಈ ವಿಚಿತ್ರ ಹುಡುಗಿ ಮೇಲೇರಿದಳೋ, ಕೆಳಗಿಳಿದಳೋ?

ಯಾಕೆನ್ನುತ್ತೀರಾ? ಮೊದಲು ಅವಳಿಗೆ ಅಲ್ಲಿ ಕೂರಲು ಕುರ್ಚಿ ಇತ್ತು, ತಲೆಯ ಮೇಲೆ ಫ್ಯಾನ್ ಇತ್ತು, ಮುಂದೆ ಕಂಪ್ಯೂಟರ್ ಇತ್ತು. ಪ್ರಮೋಷನ್ ಕೊಟ್ಟು ಅಷ್ಟನ್ನೂ ಕಿತ್ತುಕೊಂಡರು! ಈಗ ತಲೆಗೆ ಹೆಲ್ಮೆಟ್ಟು, ಕಾಲಿಗೆ ಮಣಭಾರದ ಬೂಟು, ಹಗಲೆಲ್ಲ ಗಣಿಯ ಧೂಳಿನಲ್ಲಿ ನಿಂತೇ ಇರಬೇಕು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಒಪ್ಪಿದೆ. ಆದರೆ ಕುರ್ಚಿ ಹೋದದ್ದನ್ನು ಬಡ್ತಿ ಎನ್ನುವುದಕ್ಕೆ ಎಷ್ಟು ಓದಿರಬೇಕು, ನೀವೇ ಹೇಳಿ!

"ಅಲ್ಲಿ ನಿನ್ನ ಕೆಲ್ಸಾರ ಏನವ್ವಾ?" ಎಂದು ಕೇಳಿದೆ.

"ಬೆಳಿಗ್ಗೆ ಎಷ್ಟು ಮಂದಿ ಒಳಗ ಹೋಗ್ತಾರೋ, ಸಂಜಿಗೆ ಅಷ್ಟೂ ಮಂದೀನ ಹೊರಗ ತರಬೇಕಜ್ಜಿ. ಎಲ್ಲಾರೂ ಬಂದಾರಂತ ಎಣಿಸಿ, ಕಡೀಗೆ ನಾ ಬರಬೇಕು."

"ಅಷ್ಟs? ಕುರಿ ಕಾಯಾವನೂ ಅದನ್ನ ಮಾಡ್ತಾನಲ್ಲೇ! ಅವರಿಗೆ ಬೈತೀಯೇನು?"

"ಇಲ್ಲ."

"ಹೊಡಿತೀಯೇನು?"

"ಇಲ್ಲಜ್ಜಿ!"

"ಮತ್ತ ನಿನ್ನ ಮಾತು ಹೆಂಗ ಕೇಳ್ತಾರ?"

ನಕ್ಕುಬಿಟ್ಟಳು. ಅವಳಿಗೂ ಗೊತ್ತಿರಲಿಲ್ಲವೋ ಏನೋ!

ಚಿಕ್ಕಂದಿನಿಂದಲೂ ಅವಳು ಹೀಗೆಯೇ. ಬೇರೆ ಹುಡುಗಿಯರು ರಂಗೋಲಿ ಕಲಿಯುವ ವಯಸ್ಸಿನಲ್ಲಿ ಇವಳು ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆಯುವುದನ್ನು ಕಲಿತಳು. ಅದೇನು ಸೀಟಿ! ಬೀದಿ ನಾಯಿಗಳು ಕಾಲ್ಕೀಳುತ್ತಿದ್ದವು.

"ಹೆಣ್ಮಕ್ಕಳು ಸೀಟಿ ಹೊಡೆದ್ರ ಮನೀ ಲಕ್ಷ್ಮಿ ಎದ್ದು ಹೋಗ್ತಾಳ, ಹೊಡಿಬ್ಯಾಡ!" ಎಂದು ಬೈದರೆ, "ಹೋಗಾಕಿ ತಾತನ ಗೊರಕೀಗೇ ಹೋಗ್ತಿದ್ಲು ಬಿಡಜ್ಜಿ!" ಎಂದಳು.

ಕಂಪ್ಲಿಯಲ್ಲಿ ಒಂದು ಮದುವೆ. ಊಟದ ಮನೆಯ ಬಾಗಿಲಲ್ಲಿ ನೂಕುನುಗ್ಗಲು. ಮುದುಕರೆಲ್ಲ ಹಿಂದೆ, ತೋಳ್ಬಲದವರೆಲ್ಲ ಮುಂದೆ. ಇವಳು ಬೆಂಚು ಹತ್ತಿ ಒಂದು ಸೀಟಿ ಹೊಡೆದಳು ನೋಡಿ, ಗಂಡಿನ ಕಡೆಯವರೂ ಬೆಚ್ಚಿ ಸಾಲಿನಲ್ಲಿ ನಿಂತರು! ಮುದುಕರಿಗೆ ಅಂದು ಮೊದಲ ಪಂಕ್ತಿಯಲ್ಲೇ ಹೋಳಿಗೆ. ಗಂಡಿನ ಅಪ್ಪ ನನ್ನತ್ತ ಬಗ್ಗಿ, "ಯಾರ ಹುಡುಗೀರಿ ಅದು?" ಎಂದರು. "ಗೊತ್ತಿಲ್ರಿ" ಎಂದುಬಿಟ್ಟೆ!

ನಿನ್ನೆ ಅವಳ ಮೊದಲ ಶಿಫ್ಟು. ನಮ್ಮ ಯಜಮಾನರು ಆಯುಷ್ಯವೆಲ್ಲ ಅದೇ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿದವರು. ಹೊರಡುವ ಹೊತ್ತಿಗೇ ಬಾಯಿಬಿಟ್ಟರು: "ಲಾರಿಯವ್ರು ದೇವರ ಮಾತೂ ಕೇಳಂಗಿಲ್ಲ. ನಿನ್ನ ಮಾತು ಕೇಳ್ತಾರೇನು?"

ಅವಳು ತಾಟಿನಲ್ಲಿ ರೊಟ್ಟಿ ಬಿಟ್ಟು ಎದ್ದಳು. ಜ್ವರ ಬಂದಾಗಲೂ ರೊಟ್ಟಿ ಬಿಟ್ಟವಳಲ್ಲ! ಬೈಯುವುದಿಲ್ಲ, ಹೊಡೆಯುವುದಿಲ್ಲ, ಅಷ್ಟು ಗಂಡಸರ ನಡುವೆ ಒಬ್ಬನಾದರೂ "ಹೋಗವ್ವಾ" ಎಂದುಬಿಟ್ಟರೆ? ಆ ಚಿಂತೆಯಲ್ಲಿ ಹಗಲೆಲ್ಲ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ.

ಸಂಜೆ ಕಂಪನಿಯ ಬಸ್ಸಿಳಿದು ಬಂದಳು. ಹುಬ್ಬಿನವರೆಗೂ ಕೆಂಪು ಧೂಳು. ಅತ್ತಿದ್ದಾಳೋ ನಕ್ಕಿದ್ದಾಳೋ ತಿಳಿಯದು. ನಡೆದದ್ದಿಷ್ಟು. ಬಂಡೆಗೆ ಮದ್ದಿಟ್ಟು ಸಿಡಿಸುವ ಬ್ಲಾಸ್ಟಿಂಗ್ ಹೊತ್ತಿಗೆ ಎಲ್ಲರೂ ಗಣಿಯಿಂದ ಹೊರಗೆ ಬರಬೇಕಿತ್ತು. ಒಬ್ಬ ಹಳೆಯ ಟಿಪ್ಪರ್ ಡ್ರೈವರ್ ಮಾತ್ರ ಕದಲಲಿಲ್ಲ.

"ಇರವ್ವಾ, ಎಲಿ ಅಡಿಕಿ ಹಾಕ್ಕೊಂತೀನಿ, ಏನ್ ಅವಸರ?"

ಇವಳು ವಾದಕ್ಕೆ ನಿಲ್ಲಲಿಲ್ಲ. ಬಾಯಿಗೆ ಎರಡು ಬೆರಳಿಟ್ಟಳು. ಅವನು ಎಲೆ ಅಡಿಕೆ ಅಲ್ಲೇ ಬೀಳಿಸಿ ಟಿಪ್ಪರ್ ಹತ್ತಿದನಂತೆ! ಹೊರಗೆ ಬಂದ ಮೇಲೆ, "ಮೇಡಂ, ಇಂಥಾ ಸೀಟಿ ಯಾರು ಕಲ್ಸಿದ್ರು ರೀ?" ಎಂದು ಕೇಳಿದನಂತೆ.

"ನಮ್ಮಜ್ಜಿ ರೀ. ಹೊಡಿಬ್ಯಾಡ ಹೊಡಿಬ್ಯಾಡ ಅಂತ ಬೈದು ಬೈದು ಕಲ್ಸಿದ್ಲು!"

ಯಜಮಾನರು ಕೆಮ್ಮಿ, ಎದ್ದು ಹೊರಗಿನ ಕಟ್ಟೆಗೆ ಹೋದರು. ಸೋತಾಗಲೆಲ್ಲ ಅವರಿಗೆ ಕೆಮ್ಮು ಬರುತ್ತದೆ.

ಇನ್ನು ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೆಂದರೆ ಗಂಟಲು ಹರಿಯುವ ಕೆಲಸ. ಇವರು ಕಟ್ಟೆಯಲ್ಲಿ, ಮಗ ಫೋನಿನಲ್ಲಿ, ಸೊಸೆ ಮಾಳಿಗೆಯ ಬಟ್ಟೆಗಳ ನಡುವೆ. ನಿನ್ನೆ ನಾನು ಬಾಯಿ ತೆರೆಯುವ ಮೊದಲೇ ಸೀಟಿ ಕೇಳಿತು. ಎಲ್ಲರೂ ಓಡಿ ಬಂದರು. ಎದುರುಮನೆಯವರೂ ಬಾಗಿಲಿಗೆ ಬಂದರು!

ಸಾಲಾಗಿ ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನೋಡಿದರೆ ಇವಳು ತಾಟಿಗೆ ಕೈಯನ್ನೇ ಹಾಕಿಲ್ಲ. ಬೆರಳು ತೋರಿಸಿ ಎಣಿಸುತ್ತಿದ್ದಾಳೆ.

"ಒಬ್ರು ಕಡಿಮಿ ಅದಾರ."

ನಾನು ಇಣುಕಿ ನೋಡಿದೆ. ಇವರಿದ್ದರು, ಮಗನಿದ್ದ, ಸೊಸೆ ಇದ್ದಳು. "ಎಲ್ಲಾರೂ ಅದಾರಲ್ಲೇ! ಯಾರು ಕಡಿಮಿ?"

ಅವಳು ಎದ್ದು ಬಂದು ಒಲೆ ಆರಿಸಿದಳು. ಹಿಟ್ಟಿನ ಕೈಯನ್ನೇ ಹಿಡಿದು ನನ್ನನ್ನು ಎಳೆದಳು.

"ನೀ ಇನ್ನಾ ಒಳಗs ಅದಿಯಲ್ಲಜ್ಜಿ. ನೀ ಹೊರಗ ಬರೋತನ ನನ್ನ ಶಿಫ್ಟ್ ಮುಗಿಯಂಗಿಲ್ಲ."

ಯಜಮಾನರು ಸರಿದು ಜಾಗ ಬಿಟ್ಟರು. ತಮ್ಮ ತಾಟಿನ ಬಿಸಿ ರೊಟ್ಟಿಯನ್ನು ಎತ್ತಿ ನನ್ನ ತಾಟಿಗೆ ಹಾಕಿದರು. ನಾನು ಬಡಿದ ರೊಟ್ಟಿ ಬಿಸಿಯಿದ್ದಾಗ ಇಷ್ಟು ಮೆತ್ತಗಿರುತ್ತದೆಯೇ!

ಮೊಮ್ಮಗಳು ಎಲ್ಲರನ್ನೂ ಇನ್ನೊಮ್ಮೆ ಎಣಿಸಿದಳು. ಕಡೆಗೆ ತಾನು ರೊಟ್ಟಿ ಮುರಿದಳು.