ಪೈಪಿಗೆಂದು ಹಾಕಿದ ಸಂಕದ ಮೇಲೆ ಜನ ನಡೆದ ಬಗ್ಗೆ

ದಿನಾಂಕ: 19-05-2025
ಸ್ಥಳ: ನೇರಳಮಕ್ಕಿ

ಇಂದ,
ಚಂದ್ರಶೇಖರ,
ದ್ವಿತೀಯ ದರ್ಜೆ ಲೆಕ್ಕ ಸಹಾಯಕ (ಜುಲೈ 31ಕ್ಕೆ ವಯೋನಿವೃತ್ತಿ),
ನೇರಳಮಕ್ಕಿ ಗ್ರಾಮ ಪಂಚಾಯಿತಿ,
ಬಾಳೂರು ಮಾರ್ಗ, ಮೂಡಿಗೆರೆ ತಾಲ್ಲೂಕು.

ಗೆ,
ಯಾವ ದುಡ್ಡು ಯಾವ ದುಡ್ಡೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳು.
(ಹುದ್ದೆಯ ಹೆಸರು ಮತ್ತು ಕೊಠಡಿ ಸಂಖ್ಯೆ ಮೂರು ಕಚೇರಿಗಳಲ್ಲಿ ವಿಚಾರಿಸಿದರೂ ತಿಳಿದುಬಂದಿಲ್ಲ.)

ಮಾನ್ಯರೇ,

ವಿಷಯ: ನೇರಳೆಹಳ್ಳದ ಕುಡಿಯುವ ನೀರಿನ ಕೊಳವೆ ಆಧಾರ ರಚನೆಯ ಮೇಲೆ ಮನುಷ್ಯರು ನಡೆದಾಡಿರುವುದನ್ನು ನೀರಿನ ಲೆಕ್ಕದಲ್ಲೇ ಒಪ್ಪಿಕೊಂಡು, ಹಲಗೆ ಕೀಳುವ ಆದೇಶವನ್ನು ಕೈಬಿಡಲು ಕೋರಿಕೆ.

ಉಲ್ಲೇಖ:
1. ಲೆಕ್ಕಪರಿಶೋಧನಾ ಆಕ್ಷೇಪಣೆ, ಕಂಡಿಕೆ 14, ದಿ. 28-04-2025.
2. ಹಲಗೆ ಹಾಗೂ ಕಂಬಿಗಳನ್ನು ಜೂನ್ 5ರೊಳಗೆ ತೆಗೆಯುವ ಬಗ್ಗೆ ಜ್ಞಾಪನ.
3. ಹಳ್ಳದಾಚೆಯ ನಿವಾಸಿ ರಾಮಮ್ಮನವರ ಮೌಖಿಕ ಹೇಳಿಕೆ (ಬೈಗುಳಗಳನ್ನು ಹೊರತುಪಡಿಸಿ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೇ ಒಂದು ಮಾತು. ಈ ಅರ್ಜಿಯಲ್ಲಿ ಅರ್ಜಿದಾರನನ್ನು ಉದ್ದಕ್ಕೂ ಅರ್ಜಿದಾರ ಎಂದೇ ಕರೆಯಲಾಗಿದೆ. ಇಪ್ಪತ್ತೊಂಬತ್ತು ವರ್ಷ ಕಡತ ಬರೆದವನಿಗೆ ತನ್ನ ವಿಷಯವನ್ನು ಬೇರೆಯವರ ವಿಷಯದ ಹಾಗೆ ಹೇಳುವುದೇ ಅಭ್ಯಾಸವಾಗಿದ್ದು, ಮನೆಯಲ್ಲಿ ಹೆಂಡತಿಯ ಹತ್ತಿರ "ಸದರಿಯವರಿಗೆ ಹಸಿವಾಗಿದೆ" ಎನ್ನುವ ಮಟ್ಟಕ್ಕೆ ಬಂದಿದೆ. ಮಾನ್ಯರು ಅನ್ಯಥಾ ಭಾವಿಸಬಾರದು.

1. ಪಂಚಾಯಿತಿಗೆ ಸೇರುವ ಮೊದಲು ಅರ್ಜಿದಾರ ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಎಂಟು ವರ್ಷ ರೈಟರಾಗಿದ್ದ. ರೈಟರ್ ಎಂದರೆ ಕಥೆ ಬರೆಯುವವನಲ್ಲ; ಆಳುಗಳ ಹಾಜರಿ ಹಿಡಿದು, ಯಾವ ಕೆಲಸಕ್ಕೆ ಎಷ್ಟು ಆಳು ಎಂದು ಚೆಕ್‌ರೋಲ್ ಬರೆಯುವವನು. ಆ ಪುಸ್ತಕದಲ್ಲಿ ಕಳೆ, ಗೊಬ್ಬರ, ಕೊಯ್ಲು, ಮರಗಸಿ ಎಂದು ಕಾಲಂಗಳಿದ್ದವು. ಜ್ವರ, ಹೆರಿಗೆ, ಸಾವು ಎಂಬ ಕಾಲಂ ಇರಲಿಲ್ಲ. ಆದ್ದರಿಂದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಯಾರಿಗಾದರೂ ಹೆರಿಗೆ ನೋವು ಬಂದರೆ, ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದ ನಾಲ್ಕು ಆಳುಗಳ ದಿನಗೂಲಿಯನ್ನು ಮರಗಸಿಗೆ ಹಾಕಲಾಗುತ್ತಿತ್ತು. ಮರಗಸಿ ಎಂದರೆ ಕಾಫಿಗೆ ಬಿಸಿಲು ತಾಗಲೆಂದು ನೆರಳಿನ ಮರದ ಕೊಂಬೆ ಸವರುವುದು. ಸವರಿದ ಕೊಂಬೆಯನ್ನು ಯಾರೂ ಎಣಿಸಲು ಹೋಗುವುದಿಲ್ಲ. ಈ ಪದ್ಧತಿ ಆ ಸೀಮೆಯ ಎಲ್ಲ ರೈಟರುಗಳಿಗೂ ಗೊತ್ತು, ಮಾಲೀಕರಿಗೂ ಗೊತ್ತು. ಒಂದು ವರ್ಷ ಮಾಲೀಕರು ಪುಸ್ತಕ ತಿರುವಿ, "ಎಂತ ರೈಟ್ರೇ, ಈ ಲೆಕ್ಕದಲ್ಲಿ ನೋಡಿದ್ರೆ ತೋಟದಲ್ಲಿ ಒಂದು ಮರನೂ ಉಳಿದಿರ್ಬಾರ್ದಲ್ಲ ಮಾರಾಯ್ರೆ" ಎಂದು ನಕ್ಕು ಸಹಿ ಹಾಕಿದ್ದರು.

2. ಪಂಚಾಯಿತಿಗೆ ಬಂದ ಮೇಲೆ ತಿಳಿದದ್ದೇನೆಂದರೆ, ಸರ್ಕಾರದ ದುಡ್ಡು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. 2023ರ ಜುಲೈ ತಿಂಗಳಲ್ಲಿ ನಮ್ಮ ಪಂಚಾಯಿತಿಯ ಶಿಲ್ಕು ಹೀಗಿತ್ತು:

(ಅ) ಹಣಕಾಸು ಆಯೋಗದ ನಿರ್ಬಂಧಿತ ಅನುದಾನ: ರೂ. 2,31,400. ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ.
(ಆ) ಅದೇ ಆಯೋಗದ ಅನಿರ್ಬಂಧಿತ ಅನುದಾನ: ಹೆಸರು ಕೇಳಿದರೇ ಎದೆ ಹಗುರಾಗುತ್ತದೆ. ಬೀದಿದೀಪಕ್ಕೆ ಹೋಗಿ ಉಳಿದದ್ದು ರೂ. 212.
(ಇ) ಉದ್ಯೋಗ ಖಾತ್ರಿ: ಮಣ್ಣು ಅಗೆದ ಕೂಲಿಗೆ ಧಾರಾಳವಾಗಿ ಕೊಡುತ್ತದೆ. ಕಬ್ಬಿಣ ಎಂದ ಕೂಡಲೇ ಮುಖ ತಿರುಗಿಸುತ್ತದೆ.
(ಈ) ಗ್ರಂಥಾಲಯ ಕರ, ಭಿಕ್ಷುಕರ ಕರ: ಕಂದಾಯದ ಜೊತೆ ವಸೂಲಿ ಮಾಡಿ ಮೇಲಕ್ಕೆ ಕಳಿಸುವ ದುಡ್ಡು. ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೊರಟುಹೋಗುವ ನೆಂಟ.
(ಉ) ಸ್ವಂತ ಸಂಪನ್ಮೂಲ: ರೂ. 3,640. ಅದೇ ತಿಂಗಳ ಕಚೇರಿಯ ಕರೆಂಟ್ ಬಿಲ್ಲು ರೂ. 4,100.

3. ನೇರಳೆಹಳ್ಳದ ಆಚೆ ಹದಿನಾಲ್ಕು ಮನೆಗಳಿವೆ. ಐವತ್ತೊಂದು ಜನ, ಎಲ್ಲರೂ ಸುತ್ತಿನ ತೋಟಗಳಿಗೆ ಕೆಲಸಕ್ಕೆ ಹೋಗುವವರು. ದಾಟಲು ಸಂಕ, ಅಂದರೆ ಕಾಲುಸೇತುವೆ, ಎಂದು ಒಂದು ಮರದ ದಿಮ್ಮಿ ಇತ್ತು. 2023ರ ಜುಲೈ 11ರಂದು ಹಳ್ಳ ಅದನ್ನು ಒಯ್ದಿತು. ಜುಲೈ 14ರಂದು ರಾಮಮ್ಮನವರ ಸೊಸೆ ಅರ್ಚನಾಳಿಗೆ ಹೆರಿಗೆ ನೋವು ಬಂತು. ಜೀಪು ಈಚೆ ನಿಂತಿತ್ತು, ಅರ್ಚನಾ ಆಚೆ ಇದ್ದಳು, ನಡುವೆ ಇಪ್ಪತ್ತೆರಡು ಅಡಿ. ನೀರು ಇಳಿಯುವುದಕ್ಕೆ ಏಳು ಗಂಟೆ ಹಿಡಿಯಿತು. ಕೂಸು ಉಳಿಯಲಿಲ್ಲ.

ಆ ಏಳು ಗಂಟೆ ಅರ್ಜಿದಾರ ಕಚೇರಿಯಲ್ಲಿ ನಗದು ಪುಸ್ತಕ ತಾಳೆ ಮಾಡುತ್ತಿದ್ದ. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಎರಡು ಲಕ್ಷದ ಮೂವತ್ತೊಂದು ಸಾವಿರದ ನಾನೂರು ರೂಪಾಯಿ ನೆಟ್ಟಗೆ ಕೂತಿತ್ತು. ಲೆಕ್ಕ ಸರಿಬಂದದ್ದಕ್ಕೆ ಅರ್ಜಿದಾರನಿಗೆ ನಾಚಿಕೆಯಾದದ್ದು ಇಷ್ಟು ವರ್ಷದ ಸೇವೆಯಲ್ಲಿ ಅದೊಂದೇ ಸಲ.

4. ಹದಿನೈದು ದಿನ ಕಳೆದು ರಾಮಮ್ಮನವರು ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನಡೆದ ಸಂಭಾಷಣೆಯನ್ನು ಯಥಾವತ್ತಾಗಿ ಕೆಳಗೆ ನಮೂದಿಸಿದೆ:

"ಚಂದ್ರಣ್ಣ, ಪಂಚಾಯ್ತೀಲಿ ದುಡ್ಡಿಲ್ವಾ?"

"ಇದೆ ರಾಮಮ್ಮ. ಆದ್ರೆ ಅದು ನೀರಿನ ದುಡ್ಡು. ಸಂಕಕ್ಕೆ ಹಾಕಕ್ಕೆ ಬರಲ್ಲ."

"ಹಳ್ಳದಾಗೆ ಹರಿಯಾದು ಎಂತ, ಸೀಮೆಎಣ್ಣೆಯಾ? ಅದೂ ನೀರೇ ಅಲ್ದಾ ಮಾರಾಯ?"

"ಅದು ಕುಡಿಯೋ ನೀರಲ್ಲ."

"ಬಿದ್ರೆ ಕುಡೀಲೇಬೇಕಲ್ಲ."

ಅರ್ಜಿದಾರ ಅಂದೇ ಸಂಜೆ ಆ ವರ್ಷದ ಕ್ರಿಯಾಯೋಜನೆಯ ಕಡತ ಹೊರತೆಗೆದ.

5. ಹಳ್ಳದಾಚೆಯ ಒರತೆಯಿಂದ ಈಚೆಯ ಟ್ಯಾಂಕಿಗೆ ಪೈಪ್ ತರುವ ಕಾಮಗಾರಿ ಅದೇ ವರ್ಷದ ಕ್ರಿಯಾಯೋಜನೆಯಲ್ಲಿತ್ತು. ಪೈಪ್ ಹಳ್ಳ ದಾಟಬೇಕಾದ ಕಾರಣ, ದಾಟುವ ಪೈಪಿಗೆ ಆಧಾರ ಬೇಕಾದ ಕಾರಣ, ಅರ್ಜಿದಾರ ಹಳೆಯ ರೈಟರಾದ ಕಾರಣ, ಅವನಿಗೆ ಮರಗಸಿಯ ಕಾಲಂ ನೆನಪಾದ ಕಾರಣ, ಅಂದಾಜು ಪಟ್ಟಿಯಲ್ಲಿ "ಕೊಳವೆ ಆಧಾರ ರಚನೆ, ನಿರ್ವಹಣಾ ಹಾದಿ ಸಹಿತ" ಎಂದು ಬರೆಯಲಾಯಿತು. ಮೂರು ಇಂಚಿನ ಪೈಪಿಗೆ ಮೂರಡಿ ಅಗಲದ ಹಾದಿ. ಸಿಲ್ವರ್ ಓಕ್ ಹಲಗೆ ಇಪ್ಪತ್ತಮೂರು. ಎರಡೂ ಬದಿಗೆ ರಕ್ಷಣಾ ಕಂಬಿ. ಯಾರ ರಕ್ಷಣೆಗೆ ಎಂದು ಯಾರೂ ಕೇಳಲಿಲ್ಲ. ಒಟ್ಟು ರೂ. 1,86,000. ನಮ್ಮ ಪಿಡಿಒ ಮೇಘಶ್ರೀ ಮೇಡಂ ಕಡತದ ಮೇಲೆ "ಚರ್ಚಿಸಿ" ಎಂದು ಬರೆದರು. ಅರ್ಜಿದಾರ ಹೋಗಿ ಚರ್ಚಿಸಿದ. ಮೇಡಂ ಕಿಟಕಿಯ ಹೊರಗೆ ನೋಡುತ್ತಾ ಪೂರ್ತಿ ಕೇಳಿಸಿಕೊಂಡು, "ನಂಗೇನೂ ಕೇಳಿಸ್ಲಿಲ್ಲ" ಎಂದು ಹೇಳಿ ಸಹಿ ಹಾಕಿದರು. ಸದರಿಯವರ ಮೇಲೆ ಯಾವ ಕ್ರಮವೂ ಬೇಡ.

ಕೆಲಸ ಮಾಡಿದವರು ಬಾಳೂರು ರಸ್ತೆಯಲ್ಲಿ ಜೀಪು ರಿಪೇರಿ ಅಂಗಡಿ ಇಟ್ಟಿರುವ ಅಹಮದ್‌ರವರು. ಎರಡು ಹಳೆಯ ಜೀಪಿನ ಚಾಸಿಗಳನ್ನು ಜೋಡಿಸಿ ವೆಲ್ಡ್ ಮಾಡುತ್ತಾ, "ಚಂದ್ರಣ್ಣ, ಒಂದು ಪೈಪಿಗೆ ಇಷ್ಟೆಲ್ಲ ಎಂತಕ್ಕೆ? ಇದ್ರ ಮೇಲೆ ಲೋಡ್ ಜೀಪ್ ಹೋಗ್ಬೋದು" ಎಂದರು. ನೀರು ಭಾರ ಇರುತ್ತದೆ ಎಂದು ಅರ್ಜಿದಾರ ಉತ್ತರಿಸಿದ. ಅಹಮದ್‌ರವರು ಆಚೆಯ ಮನೆಗಳನ್ನೊಮ್ಮೆ ನೋಡಿ, "ಹೌದೌದು, ಎರಡು ಕಾಲಿನ ನೀರು ಸ್ವಲ್ಪ ಭಾರವೇ" ಎಂದು ಕನ್ನಡಕ ಇಳಿಸಿಕೊಂಡು ಕೆಲಸ ಮುಂದುವರಿಸಿದರು.

6. ಕೆಟ್ಟದ್ದು ಫೋಟೋದಲ್ಲಿ. ಉದ್ಯೋಗ ಖಾತ್ರಿಯ ಫೋಟೋದಲ್ಲಿ ಜನ ಕಾಣದಿದ್ದರೆ ಬಿಲ್ಲು ಹೊರಡುವುದಿಲ್ಲ. ಆದ್ದರಿಂದ ಮೊಬೈಲ್ ಎತ್ತಿದ ಕೂಡಲೇ "ಯಾರಾದ್ರೂ ಬಂದು ನಿಂತ್ಕೊಳ್ಳಿ" ಎಂದು ಕೂಗುವುದು ಅರ್ಜಿದಾರನ ಬಾಯಿಗೆ ಅಂಟಿಹೋಗಿದೆ. ಇದು ನೀರಿನ ದುಡ್ಡು, ಇದರಲ್ಲಿ ಜನ ಇರಬಾರದು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ರಾಮಮ್ಮನವರು ರೇಷನ್ ಅಕ್ಕಿಯ ಚೀಲ ತಲೆಯ ಮೇಲಿಟ್ಟುಕೊಂಡು ಸಂಕದ ನಟ್ಟನಡುವೆ ನಿಂತರು. ಹಿಂದೆ ಅರ್ಚನಾ, ಎರಡು ಮಕ್ಕಳು, ಒಂದು ನಾಯಿ. ಎಲ್ಲರೂ ನಗುತ್ತಿದ್ದಾರೆ. ಅಕ್ಷಾಂಶ ರೇಖಾಂಶ ಸಮೇತ ಅದೇ ಫೋಟೋ ಕೊಳವೆ ಆಧಾರ ರಚನೆಯ ಪೂರ್ಣಗೊಂಡ ಚಿತ್ರವೆಂದು ಮೇಲಕ್ಕೆ ಹೋಯಿತು. ಪೈಪ್ ಹಲಗೆಯ ಕೆಳಗೆ ಇರುವುದರಿಂದ ಫೋಟೋದಲ್ಲಿ ಬಿದ್ದಿಲ್ಲ.

7. ಈ ಏಪ್ರಿಲ್‌ನಲ್ಲಿ ಲೆಕ್ಕಪರಿಶೋಧಕರಾದ ರಾಜೀವ್‌ರವರು ಬಂದರು. ಸಭ್ಯರು. ಆ ಫೋಟೋ ಮುಂದಿಟ್ಟುಕೊಂಡು, ನಿರ್ವಹಣಾ ಹಾದಿಯಲ್ಲಿ ನೀರು ಬಿಡುವ ನೀರುಗಂಟಿ ಒಬ್ಬನೇ ನಡೆಯಬಹುದು, ಉಳಿದ ಐವತ್ತೊಂದು ಜನ ನಡೆಯುವುದು ಅನುದಾನದ ದುರ್ಬಳಕೆ ಎಂದು ವಿವರಿಸಿದರು. ಆಮೇಲೆ ರಚನೆಯ ಆಚೆಯ ತುದಿಯನ್ನು ಅಳೆಯಬೇಕಾಗಿದ್ದರಿಂದ, ಟೇಪು ಹಿಡಿದು ಸಂಕದ ಮೇಲೆಯೇ ನಡೆದುಹೋದರು. ಅಲ್ಲಿ ರಾಮಮ್ಮನವರು ಬೆಲ್ಲದ ಕಾಫಿ ಕೊಟ್ಟು, "ಸಾರ್, ಬಂದಂಗೇ ಹೋಗ್ತೀರಾ, ಇಲ್ಲ ಹಳ್ಳಕ್ಕಿಳೀತೀರಾ?" ಎಂದು ವಿಚಾರಿಸಿದರು. ಸಾಹೇಬರು ಬೂಟು ನೋಡಿಕೊಂಡು ಬಂದ ಹಾಗೆಯೇ ವಾಪಸಾದರು. ಹೋಗುವಾಗ ಒಂದು, ಬರುವಾಗ ಒಂದು, ಹೀಗೆ ಎರಡು ದುರ್ಬಳಕೆಗಳು ಆಕ್ಷೇಪಣೆಯಲ್ಲಿ ಬಿಟ್ಟುಹೋಗಿರುವುದನ್ನು ಮಾನ್ಯರ ಗಮನಕ್ಕೆ ತರಲಾಗಿದೆ. ಜೀಪು ಹತ್ತುವ ಮುಂಚೆ ಅವರು, "ನಂಗೂ ಅರ್ಥ ಆಗುತ್ತೆ ಚಂದ್ರಶೇಖರ್ ಅವ್ರೇ, ಆದ್ರೆ ಫೋಟೋ ಮೇಲೆ ಹೋಗಿಬಿಟ್ಟಿದೆ" ಎಂದರು. ಮುಖ ಸಣ್ಣದಾಗಿತ್ತು.

8. ಅದರಂತೆ ಬಂದ ಆದೇಶಗಳು ಎರಡು. ಮೊದಲನೆಯದು, ರೂ. 1,86,000 ಅನ್ನು ಅರ್ಜಿದಾರನಿಂದ ವಸೂಲಿ ಮಾಡುವುದು. ಎರಡನೆಯದು, ಹಲಗೆ ಮತ್ತು ಕಂಬಿಗಳನ್ನು ಜೂನ್ 5ರೊಳಗೆ ತೆಗೆದು, ರಚನೆಯನ್ನು ಪೈಪಿಗೆ ಮಾತ್ರ ಉಳಿಸುವುದು.

ಮೊದಲನೆಯದರ ಬಗ್ಗೆ ಅರ್ಜಿದಾರನ ಹೆಂಡತಿ ಮಾತನಾಡುವುದನ್ನು ನಿಲ್ಲಿಸಿದ್ದಾರೆ, ಅದು ಇರಲಿ. ನಿದ್ದೆ ಕೆಡಿಸಿರುವುದು ಎರಡನೆಯದು. ಅರ್ಚನಾ ಈಗ ಮತ್ತೆ ಏಳು ತಿಂಗಳು ತುಂಬಿದ ಬಸುರಿ. ಅವಳ ದಿನ ತುಂಬುವುದು ಜುಲೈ ಹತ್ತರ ಸುಮಾರಿಗೆ. ಹಳ್ಳ ತುಂಬುವುದೂ ಆಗಲೇ.

9. ಪರ್ಯಾಯಗಳನ್ನು ಪರಿಶೀಲಿಸಿಲ್ಲವೆಂದಲ್ಲ. ಐವತ್ತೊಂದು ಜನರನ್ನೂ ಗೌರವ ನೀರುಗಂಟಿಗಳೆಂದು ನೇಮಿಸಬಹುದೇ ಎಂದು ಕೇಳಿದಾಗ, ಮೇಘಶ್ರೀ ಮೇಡಂ ತಲೆಯ ಮೇಲೆ ಕೈಯಿಟ್ಟುಕೊಂಡರು. ಕೊನೆಗೆ ದಾರಿ ಸಿಕ್ಕಿದ್ದು ಆರೋಗ್ಯ ಕೇಂದ್ರದಲ್ಲಿ. ಅರ್ಜಿದಾರ ರಕ್ತದೊತ್ತಡದ ಮಾತ್ರೆಗಾಗಿ ಸರದಿಯಲ್ಲಿ ಕೂತಿದ್ದಾಗ, ಎದುರು ಗೋಡೆಯ ಪಟದಲ್ಲಿ "ಮನುಷ್ಯನ ದೇಹದ ಶೇಕಡ 70 ಭಾಗ ನೀರು" ಎಂದು ಬರೆದಿತ್ತು. ಸರ್ಕಾರಿ ಗೋಡೆಯ ಮೇಲೆ ಸರ್ಕಾರವೇ ಅಂಟಿಸಿದ ಪಟವಾದ್ದರಿಂದ ಅದನ್ನು ಅಲ್ಲಗಳೆಯುವಂತಿಲ್ಲ. ಅರ್ಥಾತ್, ಸದರಿ ಆಧಾರ ರಚನೆಯ ಮೇಲೆ ಇಲ್ಲಿಯವರೆಗೆ ಹಾದುಹೋದದ್ದು ಬಹುಪಾಲು ನೀರೇ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರು ದಯಮಾಡಿ,

(ಅ) ಶೇಕಡ 70ರ ಪ್ರಕಾರ ರೂ. 1,30,200 ಅನ್ನು ನಿರ್ಬಂಧಿತ ಅನುದಾನದ ಸರಿಯಾದ ಬಳಕೆಯೆಂದು ಒಪ್ಪಿಕೊಳ್ಳುವುದು.

(ಆ) ಉಳಿದ ಶೇಕಡ 30, ಅಂದರೆ ಮೂಳೆ, ಹಲ್ಲು, ಕೂದಲು ಹಾಗೂ ರಾಮಮ್ಮನವರ ನಾಲಿಗೆಯ ಬಾಬ್ತು ರೂ. 55,800 ಅನ್ನು ಅರ್ಜಿದಾರನ ಜೂನ್ ಮತ್ತು ಜುಲೈ ಸಂಬಳದಲ್ಲಿ ತಲಾ ರೂ. 27,900ರಂತೆ ಹಿಡಿದುಕೊಳ್ಳುವುದು. ಇದಕ್ಕೆ ತಕರಾರಿಲ್ಲ.

(ಇ) ಹುಟ್ಟಲಿರುವ ಕೂಸಿನ ಬಗ್ಗೆ: ಎಳೆಗೂಸಿನಲ್ಲಿ ನೀರಿನ ಪಾಲು ಇನ್ನೂ ಹೆಚ್ಚು, ಶೇಕಡ 75 ಎಂದು ಅದೇ ಪಟದಲ್ಲಿದೆ. ಮಿಕ್ಕ ಕಾಲು ಭಾಗದ ಮೇಲೂ ಆಕ್ಷೇಪಣೆ ಇದ್ದಲ್ಲಿ ಮೊತ್ತ ತಿಳಿಸುವುದು, ಅರ್ಜಿದಾರ ಜೇಬಿನಿಂದ ಕಟ್ಟುತ್ತಾನೆ. ಆದರೆ ಅದು ಈಚೆಗೆ ದಾಟಿದ ಮೇಲೆ.

ಆದೇಶ ಮೀರುವ ಉದ್ದೇಶ ಅರ್ಜಿದಾರನಿಗೆ ಇಲ್ಲ. ಹಲಗೆ ಕೀಳುವ ಕೆಲಸ ಇಂದಿನಿಂದ ಆರಂಭವಾಗಿದೆ. ಇರುವುದು ಒಂದೇ ಸುತ್ತಿಗೆಯಾದ್ದರಿಂದ ವಾರಕ್ಕೆ ಒಂದು ಹಲಗೆಯಂತೆ ಕೀಳಲಾಗುವುದು. ಕಿತ್ತ ಜಾಗಕ್ಕೆ ಅಹಮದ್‌ರವರು ಅಂದೇ ತಮ್ಮ ಸ್ವಂತ ಹಲಗೆ ಕೂರಿಸುತ್ತಿದ್ದು, ಅದು ಸರ್ಕಾರದ ಯಾವ ದುಡ್ಡೂ ಅಲ್ಲವಾದ್ದರಿಂದ ಮಾನ್ಯರ ವ್ಯಾಪ್ತಿಗೆ ಬರುವುದಿಲ್ಲ. ಈ ಲೆಕ್ಕದಲ್ಲಿ ಕೊನೆಯ ಸರ್ಕಾರಿ ಹಲಗೆ ಅಕ್ಟೋಬರ್‌ನಲ್ಲಿ ಏಳುತ್ತದೆ. ಕಂಬಿಗಳ ಸರದಿ ಅದಾದ ಮೇಲೆ. ಅಷ್ಟರಲ್ಲಿ ಹಳ್ಳವೂ ಇಳಿದಿರುತ್ತದೆ, ಅರ್ಜಿದಾರನೂ ಮನೆಯಲ್ಲಿರುತ್ತಾನೆ.

ಇಂತಿ,
ಜುಲೈ 31ರ ಸಂಜೆ ಐದೂವರೆಯವರೆಗೆ ತಮ್ಮ ವಿಶ್ವಾಸಿ,
(ಸಹಿ)
ಚಂದ್ರಶೇಖರ

ಲಗತ್ತುಗಳು:
1. ಆಕ್ಷೇಪಣೆಯ ನಕಲು.
2. ಫೋಟೋ ಒಂದು. ನಾಯಿಯ ನೀರಿನ ಶೇಕಡಾವಾರು ತಿಳಿದುಬಂದಿಲ್ಲ.
3. ಆರೋಗ್ಯ ಕೇಂದ್ರದ ಪಟ (ನರ್ಸಮ್ಮನವರು ವಾಪಸು ಕೇಳಿದ್ದಾರೆ).
4. ಹಲಗೆ ಒಂದು, ಮೊಳೆ ಸಮೇತ. ಉಳಿದ ಇಪ್ಪತ್ತೆರಡು ಬಳಕೆಯಲ್ಲಿರುವುದರಿಂದ ಲಗತ್ತಿಸಲು ಸಾಧ್ಯವಾಗಿಲ್ಲ.

ವಿ.ಸೂ.: ಲಗತ್ತು 4ರ ಮೇಲೆ ಕೆಂಪು ಮಣ್ಣಿನ ಎರಡು ಗುರುತುಗಳಿವೆ. ಬೂಟಿನದು ಲೆಕ್ಕಪರಿಶೋಧಕರದ್ದು. ಅದರ ಪಕ್ಕದ ಬರಿಗಾಲಿನದು, ಕಳೆದ ಬುಧವಾರ ತಪಾಸಣೆಗೆಂದು ಆರೋಗ್ಯ ಕೇಂದ್ರಕ್ಕೆ ನಡೆದುಹೋದ ಅರ್ಚನಾಳದ್ದು. ಯಾವ ಗುರುತನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ತಿಳಿಸಬೇಕಾಗಿ ವಿನಂತಿ.